ಕಂಪ್ಯೂಟರಿನ ಕೀಲಿಕೈ ಯಾರ ಕೈಯಲ್ಲಿ?



ಸಂಘದ ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಈಗ ಬಹಳ ಕಡೆ ಕಂಪ್ಯೂಟರಿಗೆ ಬಂದಿದೆ. ಒಕ್ಕೂಟದಲ್ಲಿ ಕಂಪ್ಯೂಟರ್ ಒಂದೇ, ಅದರ ಮುಂದೆ ಕೂರುವವರು ನಾಲ್ಕೈದು ಮಂದಿ. ಅದಕ್ಕೆ ಲಿನಕ್ಸ್ ಹಾಕಿಸಿದ್ದರೆ ಈ ಪಾಠ ನಿಮಗಾಗಿ. ಲಿನಕ್ಸ್‌ಗೆ ದುಡ್ಡು ಕೊಡಬೇಕಿಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಇದರಲ್ಲೇ ಕಲಿಸುತ್ತಾರೆ, ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಅಷ್ಟೇ.

ಲಿನಕ್ಸ್‌ನಲ್ಲಿ 'ರೂಟ್' ಎಂಬ ಯಜಮಾನ ಖಾತೆ ಇರುತ್ತದೆ. ಅದರಿಂದ ಯಾರ ಲೆಕ್ಕವನ್ನಾದರೂ ತೆರೆಯಬಹುದು, ಅಳಿಸಬಹುದು, ಬೇರೆಯವರ ಪಾಸ್‌ವರ್ಡನ್ನೂ ಬದಲಿಸಬಹುದು. ನಮ್ಮ ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಗಲ್ಲಾಪೆಟ್ಟಿಗೆಯ ಕೀಲಿಕೈಯನ್ನು ಅಂಗಡಿಗೆ ಬಂದವರಿಗೆಲ್ಲ ಕೊಡ್ತಾರೇನು? ಆದರೆ ಕಂಪ್ಯೂಟರಿನ ಪಾಸ್‌ವರ್ಡನ್ನು ಮಾತ್ರ ಗೋಡೆಗೆ ಬರೆದು ಅಂಟಿಸುತ್ತಾರೆ!

ಉಬುಂಟು ಎಂಬ ಲಿನಕ್ಸ್‌ನಲ್ಲಿ ರೂಟ್ ಖಾತೆಗೆ ಪಾಸ್‌ವರ್ಡೇ ಇಟ್ಟಿರುವುದಿಲ್ಲ, ನೇರ ಒಳಗೆ ಹೋಗಲು ಬರುವುದಿಲ್ಲ. ಬದಲಿಗೆ 'ಸುಡೂ' ಎಂಬ ವ್ಯವಸ್ಥೆಯಿದೆ (ಹೆಸರು ಕೇಳಿ ಹೆದರಬ್ಯಾಡ್ರಿ). ಅಧಿಕಾರ ಇದ್ದವರು ತಮ್ಮದೇ ಪಾಸ್‌ವರ್ಡ್ ಕೊಟ್ಟು ಆ ಒಂದು ಕೆಲಸಕ್ಕೆ ಮಾತ್ರ ಯಜಮಾನಿ ಆಗುತ್ತಾರೆ. ಯಾರು, ಯಾವಾಗ, ಏನು ಮಾಡಿದರು ಎಂಬುದು ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಎಲ್ಲರೂ ಒಂದೇ ಹೆಸರಿನಿಂದ ಒಳಹೋದರೆ ಈ ದಾಖಲೆಗೆ ಬೆಲೆಯಿಲ್ಲ. ಲೆಕ್ಕ ತಪ್ಪಿದ ದಿನ ಸಂಶಯ ಎಲ್ಲರ ಮೇಲೂ ಬೀಳುತ್ತದೆ, ಸಂಘ ಒಡೆಯುವುದು ಇಂಥದ್ದಕ್ಕೇ. ಆದ್ದರಿಂದ ಒಬ್ಬೊಬ್ಬರಿಗೂ ಬೇರೆ ಖಾತೆ ಮಾಡಿಸಿರಿ. ಲೆಕ್ಕ ಬರೆಯುವವರಿಗೆ ಸಾಮಾನ್ಯ ಖಾತೆ ಸಾಕು. ಯಜಮಾನ ಅಧಿಕಾರ ಇಬ್ಬರಿಗೆ ಇರಲಿ. ಒಬ್ಬರಿಗೇ ಕೊಟ್ಟರೆ ಆಕೆ ಊರಿಗೆ ಹೋದಾಗ ಕೆಲಸ ನಿಲ್ಲುತ್ತದೆ.

ಪ್ರತಿನಿಧಿ ಬದಲಾದಾಗ ಬ್ಯಾಂಕಿನಲ್ಲಿ ಠರಾವು ಕೊಟ್ಟು ಸಹಿ ಬದಲಿಸುತ್ತೇವಲ್ಲ, ಅದೇ ದಿನ ಕಂಪ್ಯೂಟರಿನಲ್ಲೂ ಬದಲಿಸಬೇಕು. ಆದರೆ ಕ್ರಮ ತಪ್ಪಬಾರದು. ಮೊದಲು ಹೊಸಬರಿಗೆ ಅಧಿಕಾರ ಕೊಡಿ, ಆಕೆ ಒಮ್ಮೆ ಹೊರಬಂದು ಮತ್ತೆ ಒಳಹೋಗಿ ಕೆಲಸ ಮಾಡಿ ನೋಡಲಿ. ಆಮೇಲೆ ಹಳಬರದನ್ನು ತೆಗೆಯಿರಿ. ಮೊದಲೇ ತೆಗೆದರೆ ಕೀಲಿಕೈ ಪೆಟ್ಟಿಗೆಯೊಳಗೇ ಉಳಿದಂತೆ! ಹಳಬರ ಖಾತೆಯನ್ನು ಅಳಿಸುವ ಅವಸರ ಬೇಡ, ಅದರಲ್ಲಿ ಹಿಂದಿನ ವರ್ಷದ ಲೆಕ್ಕದ ಕಡತಗಳು ಇರಬಹುದು. ಅಧಿಕಾರ ಮಾತ್ರ ತೆಗೆದರೆ ಸಾಕು. ಇದನ್ನು ಅವಮಾನ ಅಂತ ಯಾರೂ ತಿಳಿಯಬಾರದು; ಮುಂದೆ ಏನಾದರೂ ತಪ್ಪಿದರೆ ಆಕೆಯ ಹೆಸರು ಬರುವುದಿಲ್ಲ.

ಇನ್ನೊಂದು ಮಾತು. ಕಂಪ್ಯೂಟರನ್ನು ಕೈಯಲ್ಲಿ ಹಿಡಿದವರು ಅದನ್ನು ಬೇರೆ ರೀತಿಯಲ್ಲಿ ಚಾಲೂ ಮಾಡಿ, ಪಾಸ್‌ವರ್ಡ್ ಗೊತ್ತಿಲ್ಲದೆಯೂ ರೂಟ್ ಆಗಬಹುದು. ಹಾಗಾಗಿ ಕೋಣೆಗೆ ಬೀಗ ಬೇಕೇ ಬೇಕು. ಹೊಸದಾಗಿ ಲಿನಕ್ಸ್ ಹಾಕಿಸುವಾಗ ಡಿಸ್ಕ್‌ಗೂ ಪಾಸ್‌ವರ್ಡ್ ಇಟ್ಟು ಗುಪ್ತಗೊಳಿಸಲು ಹೇಳಿರಿ. ಆ ಪಾಸ್‌ವರ್ಡ್ ಮರೆತರೆ ಲೆಕ್ಕ ಮರಳಿ ಸಿಗುವುದಿಲ್ಲ. ಅದನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ, ಮೇಲೆ ಇಬ್ಬರು ಪ್ರತಿನಿಧಿಗಳ ಸಹಿ ಮಾಡಿಸಿ, ಠರಾವು ಪುಸ್ತಕದ ಜೊತೆ ಕಪಾಟಿನಲ್ಲಿ ಇಡಿರಿ.