ಕೆಂಪು ಮೂತ್ರ, ಹಳದಿ ಕಣ್ಣು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಗಾರನೊಬ್ಬನಿಗೆ ಕ್ಷಯರೋಗವೆಂದು ತಿಳಿದು, ಆಸ್ಪತ್ರೆಯಲ್ಲಿ ಮಾತ್ರೆಗಳನ್ನು ಕೊಟ್ಟರೆಂದು ಭಾವಿಸೋಣ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಅವನ ಮೂತ್ರ ಕೆಂಪಾಗುತ್ತದೆ. ರಕ್ತವೇ ಹೋಗುತ್ತಿದೆಯೆಂದು ಹೆದರಿ ಅವನು ಮಾತ್ರೆಯನ್ನು ಬಿಟ್ಟುಬಿಡುತ್ತಾನೆ. ಇದರಿಂದಾಗುವ ಅನರ್ಥವೇನು? ಸಾಯದೆ ಉಳಿದ ರೋಗಾಣುಗಳು ಮತ್ತೆ ವೃದ್ಧಿಯಾಗುತ್ತವೆ. ಅವುಗಳಲ್ಲಿ ಔಷಧಕ್ಕೆ ಜಗ್ಗದಂಥವೇ ಮೇಲುಗೈ ಪಡೆಯಬಹುದು. ಕೆಮ್ಮಿನ ಮೂಲಕ ಮನೆಮಂದಿಗೂ ತಗಲಬಹುದು. ಇದನ್ನು ತಪ್ಪಿಸಬಲ್ಲದ್ದು ಮಾತ್ರೆ ಕೊಡುವಾಗ ದಾದಿಯು ಹೇಳುವ ಒಂದು ಮಾತು: “ಅಣ್ಣಾ, ಮೂತ್ರ ಕೆಂಪಗೆ ಹೋಗುತ್ತೆ, ಹೆದರಬೇಡಿ. ಅದು ಮಾತ್ರೆಯ ಬಣ್ಣ.”

ಈ ಮಾತಿನ ಹಿಂದಿರುವ ಭೌತವಿಜ್ಞಾನವನ್ನು ನೋಡೋಣ. ರಿಫಾಂಪಿಸಿನ್ ಎಂಬ ಔಷಧವು ಸ್ವತಃ ಕೆಂಪು ಬಣ್ಣದ ವಸ್ತು. ಬಿಳಿಯ ಬೆಳಕಿನಲ್ಲಿರುವ, ಸುಮಾರು 475 ನ್ಯಾನೊಮೀಟರ್ ತರಂಗಾಂತರದ ನೀಲಿಯನ್ನು ಅದು ಹೀರಿಕೊಳ್ಳುತ್ತದೆ. ಉಳಿದ ಬೆಳಕು ನಮಗೆ ಕಿತ್ತಳೆಗೆಂಪಾಗಿ ಕಾಣುತ್ತದೆ. ಮೂತ್ರ, ಬೆವರು, ಕಣ್ಣೀರುಗಳೊಡನೆ ಔಷಧವು ಹೊರಬೀಳುವುದರಿಂದ ಅವಕ್ಕೂ ಅದೇ ಬಣ್ಣ. ಇದರಿಂದ ಕೇಡಿಲ್ಲ.

ಆದರೆ ಎಲ್ಲ ಬಣ್ಣವೂ ನಿರಪಾಯವಲ್ಲ. ರಿಫಾಂಪಿಸಿನ್, ಐಸೋನಿಯಜಿಡ್, ಪಿರಜಿನಮೈಡ್ ಈ ಮೂರೂ ಕೆಲವರಲ್ಲಿ ಪಿತ್ತಜನಕಾಂಗಕ್ಕೆ ಹಾನಿ ಮಾಡಬಲ್ಲವು. ಆಗ, ಹಳೆಯ ಕೆಂಪು ರಕ್ತಕಣಗಳು ಒಡೆದು ಹುಟ್ಟುವ ಬಿಲಿರುಬಿನ್ ರಕ್ತದಲ್ಲಿ ಶೇಖರವಾಗುತ್ತದೆ. ಅದೂ ನೀಲಿಯನ್ನು ಹೀರುವ ವಸ್ತುವೇ. ಕಾಮಾಲೆಯಲ್ಲಿಯೂ ಮೂತ್ರದ ಬಣ್ಣ ಗಾಢವಾಗುವುದರಿಂದ, ಮೂತ್ರವನ್ನು ನೋಡಿ ಎರಡನ್ನೂ ಬೇರ್ಪಡಿಸುವುದು ಕಷ್ಟ. ಕಣ್ಣಿನ ಬಿಳಿಭಾಗವನ್ನು ನೋಡಬೇಕು. ಅದು ಹಳದಿಯಾದರೆ, ಇಲ್ಲವೆ ವಾಂತಿಯಾಗಿ ಊಟ ಸೇರದಾದರೆ, ಮುಂದಿನ ಮಾತ್ರೆ ನುಂಗುವ ಮುನ್ನ ಆ ದಿನವೇ ವೈದ್ಯರನ್ನು ಕಾಣಬೇಕು. ಎಥಾಂಬುಟಾಲ್ ಅಪರೂಪವಾಗಿ ದೃಷ್ಟಿನರವನ್ನು ಬಾಧಿಸುತ್ತದೆ. ಚಿಂತಾಮಣಿಯ ಮಾರುಕಟ್ಟೆಯಲ್ಲಿ ಟೊಮ್ಯಾಟೊ ಆರಿಸುವವನಿಗೆ ಹಣ್ಣಿನ ಕೆಂಪೂ ಕಾಯಿಯ ಹಸಿರೂ ಒಂದೇ ಆಗಿ ತೋರತೊಡಗಿದರೆ ಅಲಕ್ಷಿಸಲಾಗದು.

ಗೌರಿಬಿದನೂರಿನಲ್ಲಿ 1965ರಲ್ಲಿ ಭೂಕಂಪಮಾಪಕಗಳ ಸಾಲೊಂದನ್ನು ಸ್ಥಾಪಿಸಿದರು. ದೂರದ ಭೂಕಂಪವೂ ನೆಲವನ್ನು ಅಲುಗಿಸುತ್ತದೆ, ಪರಮಾಣು ಸ್ಫೋಟವೂ ಅಲುಗಿಸುತ್ತದೆ; ಯಾವುದು ಯಾವುದೆಂದು ಗುರುತಿಸುವುದು ಅದರ ಒಂದು ಮುಖ್ಯ ಉದ್ದೇಶ. ದಾದಿಯು ರೋಗಿಗೆ ಕಲಿಸುವುದೂ ಇಂಥ ವಿವೇಚನೆಯನ್ನೇ.

ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು; 1962ರಲ್ಲಿ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ಮೊದಲಾಯಿತು. ಬಹುಮಂದಿ ರೋಗಿಗಳು ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯಬೇಕೆಂಬುದು ಅದರ ತಳಹದಿ. ಸಾಮಾನ್ಯವಾಗಿ ಆರು ತಿಂಗಳ ಈ ಚಿಕಿತ್ಸೆಯಲ್ಲಿ, ಚಿಕ್ಕಬಳ್ಳಾಪುರದ ಹಳ್ಳಿಯೊಂದರಲ್ಲಿರುವ ರೋಗಿಯ ಪಕ್ಕದಲ್ಲಿ ವೈದ್ಯರು ಸದಾ ಇರಲಾರರು. ತನ್ನ ದೇಹವನ್ನು ಅವನೇ ಗಮನಿಸಬೇಕು. ಆದುದರಿಂದ ನುರಿತ ದಾದಿಯು ಹೇಳಿ ಸುಮ್ಮನಾಗುವುದಿಲ್ಲ, “ಈಗ ನೀವು ಹೇಳಿ, ಯಾವುದಕ್ಕೆ ಹೆದರಬಾರದು, ಯಾವುದಕ್ಕೆ ಓಡಿಬರಬೇಕು?” ಎಂದು ಕೇಳುತ್ತಾಳೆ. ತರಗತಿಯಲ್ಲಿ ನಾವು ಮಾಡುವುದೂ ಇದನ್ನೇ. ಒಂದೇ ವ್ಯತ್ಯಾಸ: ಅಲ್ಲಿ ತಪ್ಪು ಉತ್ತರಕ್ಕೆ ಅಂಕವಲ್ಲ, ಜೀವವೇ ಹೋದೀತು. ಮನೆಯಲ್ಲಿ ಮಾತ್ರೆ ನುಂಗುವವರಿದ್ದರೆ, ವಿದ್ಯಾರ್ಥಿಗಳೇ, ಇಂದೇ ಅವರನ್ನು ಈ ಪ್ರಶ್ನೆ ಕೇಳಿನೋಡಿ.