ಟಿಇಟಿಗೆ ಭೂಗೋಳದ ಭಯ

ಪ್ರಶ್ನೆ: 44 ವರ್ಷ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಶಿಕ್ಷಕಿ, ಓದಿದ್ದು ಇತಿಹಾಸ. ಈಗ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯಬೇಕಂತೆ. ಭೂಗೋಳವೆಂದರೆ ಭಯ.

ಉತ್ತರ: ಹೌದು ಮೇಡಂ, ಬರೆಯಬೇಕು. ನಿಮಗೆ 5 ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿದೆ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪು ಅಂಥವರಿಗೆ ಪಾಸಾಗಲು ಕೊಟ್ಟದ್ದು 2 ವರ್ಷ. ತಡಮಾಡದೆ ಅರ್ಜಿ ಹಾಕಿ. ಪತ್ರಿಕೆ-2ರ 150 ಅಂಕದಲ್ಲಿ ಭೂಗೋಳವೂ ಸೇರಿದ ಸಮಾಜ ವಿಜ್ಞಾನಕ್ಕೇ 60. ಗೈಡ್ ಬಿಟ್ಟು ಪಠ್ಯಪುಸ್ತಕ ಹಿಡಿಯಿರಿ. ಬೀರುವಿನಲ್ಲಿ ದೂಳು ತಿನ್ನುತ್ತಿರುವ ಗೋಳ ಹೊರತೆಗೆಯಿರಿ. ಕತ್ತಲೆ ಕೋಣೆಯ ನಡುವೆ ಬಲ್ಬ್ ಹಚ್ಚಿ, ಗೋಳದ ಓರೆ ಒಂದೇ ದಿಕ್ಕಿಗಿಟ್ಟು ಸುತ್ತ ಒಯ್ಯಿರಿ. ಬೆಳಕು ಒಮ್ಮೆ ಕರ್ಕಾಟಕ ವೃತ್ತದ ಮೇಲೆ, ಇನ್ನೊಮ್ಮೆ ಮಕರದ ಮೇಲೆ ನೆಟ್ಟಗೆ ಬೀಳುತ್ತದೆ. ಋತುಗಳು ಅಲ್ಲೇ ಅರ್ಥವಾಗುತ್ತವೆ, ಮಕ್ಕಳಿಗೂ ತೋರಿಸಿ. ಇಲಾಖೆಯಿಂದ ನೋಟಿಸ್ ಬಂದರೆ ಮಾತ್ರ, ನೇಮಕಾತಿ ಆದೇಶ ಹಿಡಿದು ಸೇವಾ ವಿಷಯಗಳ ವಕೀಲರನ್ನು ಕಾಣಿ.