ಹಾವಿಗೆ ಎಂಥ ಮನೆ ಬೇಕು?

ಮಳೆಗಾಲದಾಗ ಹೊಲದ ಬದುವಿನ ಮ್ಯಾಲ ಹಾವಿನ ಮರಿ ಕಂಡರೆ ಕೆಲವರು ಅದನ್ನು ಬಾಟಲಿಯಾಗ ಹಾಕಿ, ಮುಚ್ಚಳಕ್ಕೆ ತೂತು ಕೊರೆದು ‘ಸಾಕ್ತೀವಿ’ ಅಂತಾರೆ. ಆ ಮರಿ ಬದುಕುವುದಿಲ್ಲ. ಯಾಕೆಂದು ನೋಡೋಣ.

ಹಾವು ಶೀತರಕ್ತ ಪ್ರಾಣಿ. ನಮ್ಮ ಮೈ ತನ್ನ ಬಿಸಿಯನ್ನು ತಾನೇ ಕಾಯ್ದುಕೊಳ್ಳುತ್ತದೆ, ಹಾವಿಗೆ ಆ ಶಕ್ತಿ ಇಲ್ಲ. ಚಳಿಯಾದರೆ ಬಿಸಿಲಿಗೆ ಬರಬೇಕು, ಮೈ ಕಾದರೆ ನೆರಳಿಗೆ ಸರಿಯಬೇಕು. ನಮ್ಮ ಕಡೆ ಬ್ಯಾಸಿಗ್ಯಾಗ ಬಿಸಿಲು 40 ಡಿಗ್ರಿ ದಾಟುತ್ತದೆ. ಬಾಟಲಿಯಾಗ ಸರಿಯಲು ಜಾಗ ಎಲ್ಲಿ? ಅಡಗಲು ಕತ್ತಲೆ, ಕುಡಿಯಲು ನೀರು, ಪೊರೆ ಬಿಡುವಾಗ ಮೈ ತಿಕ್ಕಲು ಒರಟು ಕಲ್ಲು, ಸ್ವಲ್ಪ ತೇವ, ಇವೂ ಬೇಕು.

ಹುತ್ತ ಇದಕ್ಕೆ ಒಳ್ಳೆಯ ಮನೆ. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗ ತಂಪು. ಅದನ್ನು ಕಟ್ಟಿದ್ದು ಗೆದ್ದಲು. ಹಾವು ಬರೀ ಬಾಡಿಗೆದಾರ, ಅದೂ ಬಾಡಿಗೆ ಕೊಡದವ! ಪಂಚಮಿಗೆ ನಾವು ಹಾಲು ಎರೆದರೂ ಹಾಲು ಅದರ ಆಹಾರ ಅಲ್ಲ. ಇಲಿ, ಕಪ್ಪೆ, ಹಲ್ಲಿ ತಿನ್ನುತ್ತದೆ. ತೊಗರಿ, ಜೋಳದ ಹೊಲದಾಗ ಇಲಿ ಹಿಡಿಯುವ ಕೇರೆಹಾವಿಗೆ ವಿಷವೇ ಇಲ್ಲ. ಆದರೂ ಕಂಡ ಕೂಡಲೇ ಬಡಿಗಿ ಹುಡುಕ್ತೀವಿ.

ಹಾಗಾದರೆ ಹಾವು ಇಡುವವರು ಯಾರೂ ಇಲ್ಲವೇ? ಇದ್ದಾರೆ. ತಮಿಳುನಾಡಿನ ಇರುಳ ಜನರು 1978ರಲ್ಲಿ ಸಹಕಾರಿ ಸಂಘ ಕಟ್ಟಿದರು. ಹಿಡಿದ ಹಾವನ್ನು ಮಣ್ಣಿನ ಗಡಿಗೆಯಾಗ ಇಟ್ಟು ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಗಡಿಗೆ ತಂಪು, ಕತ್ತಲೆ, ಬಟ್ಟೆಯಿಂದ ಗಾಳಿ. ಕೆಲವು ಸಲ ವಿಷ ತೆಗೆದು, ಕೆಲವೇ ವಾರಗಳಾಗ ಹಾವನ್ನು ಅಡವಿಗೆ ಬಿಡುತ್ತಾರೆ. ಆ ವಿಷದಿಂದಲೇ ಹಾವು ಕಡಿತದ ಔಷಧಿ ತಯಾರಾಗುತ್ತದೆ. ಅವರು ಸರ್ಕಾರದ ಅನುಮತಿ ಪಡೆದವರು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಾವು ನಾಗರ, ಕೇರೆ ಹಿಡಿದು ಮನೆಯಾಗ ಇಟ್ಟರೆ ಅಪರಾಧ.

ಗೊತ್ತಿಲ್ಲದೆಯೂ ನಾವು ಹಾವಿಗೆ ಮನೆ ಕಟ್ಟಿಕೊಡ್ತೀವಿ, ಇದು ಮುಖ್ಯ. ಗ್ವಾಡಿಗೆ ಹತ್ತಿಸಿ ಒಟ್ಟಿದ ಕಟಗಿ, ಕುಳ್ಳು, ಕಣಕಿ ಬಣವಿ, ಚೆಲ್ಲಿದ ಕಾಳು. ಕಾಳಿಗೆ ಇಲಿ, ಇಲಿಗೆ ಹಾವು. ಕಟ್ಟುಹಾವು ರಾತ್ರಿ ತಿರುಗುತ್ತದೆ. ನೆಲದ ಮ್ಯಾಲ ಮಲಗಿದವರಿಗೆ ಅದು ಕಚ್ಚಿದ್ದೇ ತಿಳಿಯದಿರಬಹುದು, ನೋವು ಅಷ್ಟು ಕಡಿಮೆ. ಅದಕ್ಕೆ ಒಟ್ಟಿಲನ್ನು ಮನೆಯಿಂದ ದೂರ ಇಡ್ರಿ, ಹೊರಸಿನ ಮ್ಯಾಲ ಸೊಳ್ಳೆ ಪರದೆ ಕಟ್ಟಿ, ಅದರ ಅಂಚು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗ್ರಿ. ಕಚ್ಚಿದರೆ ಕೊಯ್ಯಬ್ಯಾಡ್ರಿ, ಬಿಗಿಯಾಗಿ ಕಟ್ಟಬ್ಯಾಡ್ರಿ, ಮಂತ್ರ ಹಾಕಿಸುತ್ತ ಹೊತ್ತು ಕಳೆಯಬ್ಯಾಡ್ರಿ. ಕೈಕಾಲು ಅಲುಗಾಡಿಸದೆ ಕೂಡಲೇ ಹುಮನಾಬಾದಿನ ಸರ್ಕಾರಿ ದವಾಖಾನೆಗೆ ಒಯ್ಯಿರಿ.